ಮಂಡಿಯೊಳಗೆ ಸಾರುವೆ ಕಟ್ಟುವ ಕೆಲಸ

ಮಂಡಿನೋವಿಗೆ ಡಾಕ್ಟರ್ ಹತ್ತಿರ ಹೋಗಿ ಬಂದವರ ಬಾಯಲ್ಲಿ ಒಂದು ಮಾತು ಸಾಮಾನ್ಯ: “ಒಳಗೆ ಗ್ರೀಸ್ ಖಾಲಿಯಾಗಿದೆಯಂತೆ.” ಗ್ರೀಸ್ ಆಗಿದ್ದರೆ ಮತ್ತೆ ತುಂಬಿಸಿಕೊಂಡು ಬರಬಹುದಿತ್ತು, ಅಲ್ವಾ? ನಿಜವಾಗಿ ಸವೆಯುವುದು ಮೂಳೆಯ ತುದಿಗೆ ಅಂಟಿಕೊಂಡೇ ಬೆಳೆದಿರುವ ಒಂದು ತೆಳು ಪದರ. ಹೆಚ್ಚಿನ ಕಡೆ 2ರಿಂದ 4 ಮಿಲಿಮೀಟರ್ ದಪ್ಪ, ಅಷ್ಟೇ. ಪುಸ್ತಕದಲ್ಲಿ ಅದಕ್ಕೆ ಮೃದ್ವಸ್ಥಿ ಎನ್ನುತ್ತಾರೆ, ಆಸ್ಪತ್ರೆಯಲ್ಲಿ ಕಾರ್ಟಿಲೇಜ್. ಅದು ನಿಧಾನವಾಗಿ ಸವೆಯಬಹುದು. ಆಟ ಆಡುವಾಗ ಕಾಲು ತಿರುಚಿ, ಒಂದೇ ಕ್ಷಣದಲ್ಲಿ ಚಕ್ಕೆಯಾಗಿ ಎದ್ದು ಬರಲೂಬಹುದು.

1743ರಲ್ಲಿ ವಿಲಿಯಂ ಹಂಟರ್ ಎಂಬ ಅಂಗರಚನಾ ತಜ್ಞ ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಬರಹ ಒಪ್ಪಿಸಿದ. ಕಾರ್ಟಿಲೇಜ್ ಒಮ್ಮೆ ಹಾಳಾದರೆ ಮತ್ತೆ ಸರಿಹೋಗುವುದಿಲ್ಲ ಎಂದು ಅದರಲ್ಲಿ ಹೇಳಿದ್ದ. 280 ವರ್ಷ ಕಳೆದಿವೆ. ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಮಾಯುತ್ತದೆ. ಕಾರ್ಟಿಲೇಜಿನ ವಿಷಯದಲ್ಲಿ ಮಾತ್ರ ಹಂಟರನ ಮಾತು ಇಂದಿಗೂ ಬಹುಪಾಲು ನಿಜವೇ.

ಆ ಮಾತನ್ನು ಸುಳ್ಳು ಮಾಡಲು ಹೊರಟವರ ಕೈಯಲ್ಲಿ ಈಗಿರುವ ದೊಡ್ಡ ಸಲಕರಣೆ ಎಂದರೆ ಸ್ಕ್ಯಾಫೋಲ್ಡ್. ಕಟ್ಟಡ ಏಳುವಾಗ ಸುತ್ತ ಕಟ್ಟುವ ಸಾರುವೆ ಗೊತ್ತಲ್ಲ, ಅದೇ ಅರ್ಥ. ಕಾರ್ಟಿಲೇಜ್ ಕಿತ್ತುಹೋದ ಗುಂಡಿಯಲ್ಲಿ ತೂತು ತೂತಾದ ಒಂದು ವಸ್ತುವನ್ನು ಕೂರಿಸುತ್ತಾರೆ. ಜೀವಕೋಶಗಳು ಅದನ್ನು ಹಿಡಿದು ನೆಲೆಯಾಗಬೇಕು, ತಮ್ಮ ಸುತ್ತ ಹೊಸ ಕಾರ್ಟಿಲೇಜ್ ಕಟ್ಟಬೇಕು. ಆಮೇಲೆ ಆ ವಸ್ತು ಕರಗಿ ಜಾಗ ಬಿಟ್ಟುಕೊಡಬೇಕು. ಇಂಥ ಹೊಸ ವಸ್ತುವಿನ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ, ಹೆಚ್ಚಾಗಿ “ಮಂಡಿ ಬದಲಾಯಿಸುವುದು ಇನ್ನು ಬೇಕಿಲ್ಲ” ಎಂಬ ತಲೆಬರಹದ ಜೊತೆ. ಅಂಥ ಸುದ್ದಿ ಕಂಡಾಗ ನಾನು ಮೊದಲು ಹುಡುಕುವುದು ಎರಡು ವಿಷಯ. ಆ ವಸ್ತು ಎಷ್ಟು ದಿನದಲ್ಲಿ ಕರಗುತ್ತದೆ? ಅಷ್ಟರೊಳಗೆ ಅದರ ಜಾಗದಲ್ಲಿ ಏನು ಬೆಳೆದಿರುತ್ತದೆ? ಈ ಕ್ಷೇತ್ರದ ಗೆಲುವು ಸೋಲು ಬಹಳ ಮಟ್ಟಿಗೆ ಈ ಕಾಲದ ಲೆಕ್ಕದ ಮೇಲೆ ನಿಂತಿದೆ.

ಆರೋಗ್ಯವಾಗಿರುವ ಕಾರ್ಟಿಲೇಜನ್ನು ಆರ್ಥ್ರೋಸ್ಕೋಪಿ ಕ್ಯಾಮೆರಾದಲ್ಲಿ, ಅಂದರೆ ಸಣ್ಣ ತೂತಿನಿಂದ ಕೀಲಿನೊಳಗೆ ತೂರಿಸುವ ಕ್ಯಾಮೆರಾದಲ್ಲಿ, ನೋಡಿದರೆ ಅದು ಬಿಳಿ, ನುಣುಪು, ಒದ್ದೆ ಹೊಳಪಿನ ಮೈ. ಸರ್ಜನ್ ಮೊಂಡು ಕೊಕ್ಕೆಯೊಂದರಿಂದ ಒತ್ತಿದರೆ ಚೂರು ತಗ್ಗಿ, ಕೊಕ್ಕೆ ಎತ್ತಿದ ಕೂಡಲೇ ಮೊದಲಿನಂತಾಗುತ್ತದೆ. ಹಾಳಾದ ಜಾಗ ಬೇರೆಯೇ ರೀತಿ ಕಾಣುತ್ತದೆ. ಎಳೆ ಎಳೆಯಾಗಿ ಬಿಚ್ಚಿಕೊಂಡು, ಒಳಗೆ ಹರಿಸಿದ ಸಲೈನಿನಲ್ಲಿ ಹತ್ತಿಯ ನೂಲಿನಂತೆ ಅತ್ತಿತ್ತ ತೂಗಾಡುತ್ತಿರುತ್ತದೆ. ಕೊಕ್ಕೆ ತಾಗಿಸಿದರೆ ಮೆತ್ತಗೆ ಒಳಗೆ ಹೋಗುತ್ತದೆ. ತುಂಬಾ ಕೆಟ್ಟಿದ್ದರೆ ಗುಂಡಿಯ ತಳದಲ್ಲಿ ಮೂಳೆಯೇ ಕಾಣುತ್ತದೆ.

ಆ ಪುಟಿಯುವ ಗುಣ ಬರುವುದು ನೀರಿನಿಂದ. ಕಾರ್ಟಿಲೇಜಿನ ತೂಕದಲ್ಲಿ ನೂರಕ್ಕೆ 65ರಿಂದ 80 ಭಾಗ ನೀರೇ. ಅದನ್ನು ಹಿಡಿದಿಟ್ಟುಕೊಳ್ಳುವುದು ಆಗ್ರಿಕ್ಯಾನ್ ಎಂಬ ದೊಡ್ಡ ಅಣು. ಅದರ ಮೈತುಂಬ ಋಣ ವಿದ್ಯುದಂಶ. ಅದಕ್ಕೆ ಸೋಡಿಯಂ ಅಯಾನುಗಳು ಬಂದು ಸೇರುತ್ತವೆ, ಅವುಗಳ ಹಿಂದೆ ನೀರು ನುಗ್ಗುತ್ತದೆ. ಹೀಗೆ ಉಬ್ಬಲು ನೋಡುವ ರಾಶಿಯನ್ನು ಕೊಲಾಜೆನ್ ಎಂಬ ಪ್ರೋಟೀನಿನ ಎರಡನೇ ಬಗೆಯ ಎಳೆಗಳು ಬಲೆಯಂತೆ ಬಿಗಿದು ಹಿಡಿದಿರುತ್ತವೆ. ಉಬ್ಬುವ ಒತ್ತಡ ಒಂದು ಕಡೆ, ಬಿಗಿತ ಇನ್ನೊಂದು ಕಡೆ. ನಡೆಯುವಾಗ ಮಂಡಿಯ ಮೇಲೆ ಮೈತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಅದನ್ನು ಈ ತೆಳು ಪದರ ದಿನಕ್ಕೆ ಸಾವಿರಾರು ಸಲ ತಡೆದುಕೊಳ್ಳುವುದು ಹೀಗೆ.

ಎಳೆಗಳ ಜೋಡಣೆಯೂ ಎಲ್ಲ ಕಡೆ ಒಂದೇ ಥರ ಇಲ್ಲ. ಮೇಲ್ಮೈಯಲ್ಲಿ ಅವು ಅಡ್ಡಡ್ಡ ಮಲಗಿರುತ್ತವೆ, ಜಾರುವ ಕೆಲಸಕ್ಕೆ ಅದು ಬೇಕು. ನಡುವಿನಲ್ಲಿ ಕಮಾನಿನಂತೆ ಬಾಗುತ್ತವೆ. ತಳದಲ್ಲಿ ನೆಟ್ಟಗೆ ನಿಂತು, ಗಡುಸಾದ ಪದರವೊಂದನ್ನು ದಾಟಿ ಮೂಳೆಗೆ ಬೇರು ಬಿಡುತ್ತವೆ. ಯಾವ ಲ್ಯಾಬಿನಲ್ಲೂ ಈ ಹೆಣಿಗೆಯನ್ನು ಪೂರ್ತಿಯಾಗಿ ಮತ್ತೆ ನೇಯಲು ಇನ್ನೂ ಆಗಿಲ್ಲ.

ಇಷ್ಟು ಚೆನ್ನಾಗಿ ಕಟ್ಟಿದ ಪದರ ತನ್ನನ್ನು ತಾನೇ ಯಾಕೆ ರಿಪೇರಿ ಮಾಡಿಕೊಳ್ಳುವುದಿಲ್ಲ? ರಕ್ತನಾಳ ಇಲ್ಲ, ಆದ್ದರಿಂದ ಗಾಯವಾದರೆ ರಕ್ತ ಹೆಪ್ಪುಗಟ್ಟುವ ಮೊದಲ ಹೆಜ್ಜೆಯೇ ನಡೆಯುವುದಿಲ್ಲ. ನರವೂ ಇಲ್ಲ, ಹಾಗಾಗಿ ನೋವು ಕಾಣಿಸಿಕೊಳ್ಳುವ ಹೊತ್ತಿಗೆ ಹಾನಿ ಸಾಕಷ್ಟು ಆಗಿರುತ್ತದೆ. ಜೀವಕೋಶಗಳು ಒಟ್ಟು ಗಾತ್ರದ ನೂರಕ್ಕೆ ಎರಡರಷ್ಟು ಮಾತ್ರ. ಅವೂ ತಂತಮ್ಮ ಗೂಡಿನಲ್ಲಿ ಸಿಕ್ಕಿಕೊಂಡಿರುತ್ತವೆ, ಗಾಯದ ಜಾಗಕ್ಕೆ ನಡೆದು ಬರಲಾರವು.

ಇದರ ಒಂದು ಪುರಾವೆ ನನ್ನನ್ನು ಬಹಳ ದಿನ ಕಾಡಿತು. 1950-60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಕಾರ್ಬನ್ ಜಾಸ್ತಿಯಾಯಿತು. ಆ ಕಾಲದಲ್ಲಿ ಮೈಯಲ್ಲಿ ಹುಟ್ಟಿದ ಪ್ರತಿ ಅಂಗಾಂಶಕ್ಕೂ ಅದು ಸೇರಿತು. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಿಜ್ಞಾನಿಗಳು ಮಂಡಿಯ ಕಾರ್ಟಿಲೇಜಿನಲ್ಲಿ ಆ ಗುರುತನ್ನು ಅಳೆದರು. ಕೊಲಾಜೆನ್ ಎಳೆಗಳಲ್ಲಿ ಇದ್ದದ್ದು ಆ ಮನುಷ್ಯ ಬೆಳೆಯುವ ವಯಸ್ಸಿನಲ್ಲಿದ್ದಾಗಿನ ಕಾರ್ಬನ್. ದೊಡ್ಡವರಾದ ಮೇಲೆ ಆ ಬಲೆ ಹೊಸದಾಗಿ ನೇಯ್ದುಕೊಂಡೇ ಇರಲಿಲ್ಲ. ಅಂದರೆ ಇಂದು ನಾವು ನಡೆದಾಡುತ್ತಿರುವುದು ಹದಿಹರೆಯ ಮುಗಿಯುವ ಹೊತ್ತಿಗೆ ಸಿದ್ಧವಾದ ಬಲೆಯ ಮೇಲೆ. ಇನ್ನೊಂದು ಬಲೆ ಹೊರಗಿನ ಸಹಾಯವಿಲ್ಲದೆ ಬರುವುದಿಲ್ಲ.

ಮೊದಲ ಸಹಾಯ ರಕ್ತದ್ದು. 1959ರಲ್ಲಿ ಪ್ರೀಡಿ ಎಂಬ ಬ್ರಿಟಿಷ್ ಸರ್ಜನ್ ಗುಂಡಿಯ ತಳದ ಮೂಳೆಗೆ ರಂಧ್ರ ಕೊರೆಯುವ ವಿಧಾನ ವಿವರಿಸಿದರು. 1980ರ ದಶಕದಲ್ಲಿ ಅಮೆರಿಕದ ರಿಚರ್ಡ್ ಸ್ಟೆಡ್‌ಮನ್ ಅದನ್ನು ಸಣ್ಣ ಸೂಜಿಮೊನೆಯ ತೂತುಗಳಿಗೆ ಇಳಿಸಿದರು. ಅದೇ ಮೈಕ್ರೋಫ್ರಾಕ್ಚರ್. ಮೂಳೆಮಜ್ಜೆಯಿಂದ ರಕ್ತ ಒಸರಿ ಗುಂಡಿಯಲ್ಲಿ ಹೆಪ್ಪುಗಟ್ಟುತ್ತದೆ, ಅದರಲ್ಲಿರುವ ಕಾಂಡಕೋಶಗಳು (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲವು) ಏನೋ ಒಂದನ್ನು ಕಟ್ಟುತ್ತವೆ. ಆ ‘ಏನೋ ಒಂದು’ ಹೆಚ್ಚಾಗಿ ನಾರು ಕಾರ್ಟಿಲೇಜ್. ಅದರಲ್ಲಿ ಮೊದಲನೇ ಬಗೆಯ ಕೊಲಾಜೆನ್ ಜಾಸ್ತಿ, ಗಾಯದ ಕಲೆಯಂತೆ. ಮೊದಲ ಒಂದೆರಡು ವರ್ಷ ನೋವು ಕಡಿಮೆಯಾಗುತ್ತದೆ. ಆಮೇಲೆ ಭಾರ ತಡೆಯಲಾರದೆ ಅದು ಸೋಲಲು ಶುರುವಾಗುತ್ತದೆ, ಗುಂಡಿ ದೊಡ್ಡದಿದ್ದರೆ ಇನ್ನೂ ಬೇಗ.

ಹಾಗಾದರೆ ರೋಗಿಯ ಸ್ವಂತ ಕಾರ್ಟಿಲೇಜ್ ಕೋಶಗಳನ್ನೇ ಬೆಳೆಸಿ ಹಾಕಿದರೆ? ಅಲ್ಲೊಂದು ತೊಡಕಿತ್ತು. ಚಪ್ಪಟೆ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿದರೆ ಈ ಕೋಶಗಳು ತಮ್ಮ ಕಸುಬನ್ನೇ ಮರೆಯುತ್ತವೆ. ಗುಂಡಗಿದ್ದವು ಉದ್ದಕ್ಕೆ ಚಾಚಿಕೊಂಡು, ಮೊದಲನೇ ಬಗೆಯ ಕೊಲಾಜೆನ್ ಮಾಡತೊಡಗುತ್ತವೆ. 1982ರಲ್ಲಿ ಬೆನ್ಯಾ ಮತ್ತು ಶಾಫರ್ ಎಂಬ ಸಂಶೋಧಕರು ಹೀಗೆ ಕಸುಬು ಮರೆತ ಕೋಶಗಳನ್ನು ಕಡಲ ಪಾಚಿಯಿಂದ ಮಾಡುವ ಅಗರೋಸ್ ಜೆಲ್‌ನಲ್ಲಿ ಹುದುಗಿಸಿದರು. ನಾಲ್ಕೂ ಕಡೆಯಿಂದ ಒತ್ತಾಸೆ ಸಿಕ್ಕಿದ್ದೇ ತಡ, ಅವು ಮತ್ತೆ ಗುಂಡಗಾದವು, ಎರಡನೇ ಬಗೆಯ ಕೊಲಾಜೆನ್ ಮಾಡಲು ಶುರುಮಾಡಿದವು. ಹೊಸ ಔಷಧ ಕೊಟ್ಟಿರಲಿಲ್ಲ. ಬದಲಾಗಿದ್ದು ಕೋಶ ಕೂತಿದ್ದ ಜಾಗದ ಆಕಾರ. ಸ್ಕ್ಯಾಫೋಲ್ಡ್ ಸುಮ್ನೆ ಗುಂಡಿ ತುಂಬುವ ಮುದ್ದೆ ಎಂದುಕೊಂಡವರಿಗೆ ಈ ಪ್ರಯೋಗವನ್ನು ತೋರಿಸಬೇಕು.

1994ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಬ್ರಿಟ್‌ಬರ್ಗ್, ಪೀಟರ್ಸನ್ ಮತ್ತು ಸಂಗಡಿಗರು 23 ರೋಗಿಗಳ ಫಲಿತಾಂಶ ಪ್ರಕಟಿಸಿದರು. ಅವರು ರೋಗಿಯ ಮಂಡಿಯಿಂದಲೇ ಚೂರು ತೆಗೆದು, ಕೋಶ ಬೆಳೆಸಿ, ದ್ರವದ ರೂಪದಲ್ಲಿ ಗುಂಡಿಗೆ ಬಿಟ್ಟರು. ಮೇಲೆ ಮೂಳೆಯ ಹೊರಪೊರೆಯ ತೇಪೆ ಹೊಲಿದರು. ಇದು ದೊಡ್ಡ ಹೆಜ್ಜೆಯೇ. ಆದರೆ ದ್ರವ ಒಂದೇ ಕಡೆ ನಿಲ್ಲದು, ತೇಪೆ ಕೆಲವರಲ್ಲಿ ಅತಿಯಾಗಿ ಬೆಳೆದು ಮತ್ತೆ ಆಪರೇಷನ್ ಬೇಕಾಯಿತು. ಕೋಶಗಳಿಗೆ ಹಿಡಿದುಕೊಳ್ಳಲು ಏನಾದರೂ ಬೇಕಿತ್ತು.

ಅಲ್ಲಿಂದ ಹುಟ್ಟಿದ್ದು ಪೊರೆಯ ಮೇಲೆ ಕೋಶ ಬಿತ್ತುವ ವಿಧಾನ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟ ‘ಮ್ಯಾಸಿ’ ಇದರ ಒಳ್ಳೆಯ ಉದಾಹರಣೆ. ಹಂದಿಯ ಕೊಲಾಜೆನ್‌ನಿಂದ ಮಾಡಿದ ತೆಳು ಹಾಳೆ ಅದು. ಪ್ರತಿ ಚದರ ಸೆಂಟಿಮೀಟರ್‌ಗೆ ಕನಿಷ್ಠ 5 ಲಕ್ಷ ಕೋಶಗಳು ಅದರ ಮೇಲೆ ಕೂತಿರುತ್ತವೆ. ಆಪರೇಷನ್ ಕೋಣೆಯಲ್ಲಿ ಕೆಲಸ ನಡೆಯುವುದು ದರ್ಜಿಯ ಅಂಗಡಿಯಲ್ಲಿ ನಡೆದಂತೆ. ಮೊದಲು ಹಾಳಾದ ಅಂಚನ್ನೆಲ್ಲ ಕೆರೆದು ತೆಗೆದು, ಗಟ್ಟಿ ಕಾರ್ಟಿಲೇಜ್ ಸಿಗುವವರೆಗೆ ಹೋಗಿ, ಗುಂಡಿಯ ಗೋಡೆಯನ್ನು ನೆಟ್ಟಗೆ ನಿಲ್ಲಿಸುತ್ತಾರೆ. ತಳದ ಮೂಳೆಯಿಂದ ರಕ್ತ ಬರದಂತೆ ನೋಡಿಕೊಳ್ಳುತ್ತಾರೆ. ಗುಂಡಿಯ ಮೇಲೆ ಹಾಳೆಯೊಂದನ್ನು ಒತ್ತಿ ಅಚ್ಚು ತೆಗೆಯುತ್ತಾರೆ, ಆ ಅಳತೆಗೆ ಪೊರೆಯನ್ನು ಕತ್ತರಿಸುತ್ತಾರೆ. ತಳಕ್ಕೆ ಫೈಬ್ರಿನ್ ಅಂಟು ಹಾಕಿ, ಕೋಶ ಇರುವ ಮುಖ ಮೂಳೆಯ ಕಡೆಗೆ ಬರುವಂತೆ ಕೂರಿಸಿ, ಬೆರಳಿನಿಂದ ಕೆಲವು ನಿಮಿಷ ಮೆಲ್ಲಗೆ ಒತ್ತಿ ಹಿಡಿಯುತ್ತಾರೆ. ಕೊನೆಗೆ ಮಂಡಿಯನ್ನು ಮಡಚಿ ಬಿಡಿಸಿ, ಪೊರೆ ಜಾರಿತೇ ಎಂದು ನೋಡುತ್ತಾರೆ.

ಈಗ ಸಾಮಗ್ರಿಗಳ ವಿಷಯಕ್ಕೆ ಬರೋಣ. ಒಂದು ಗುಂಪು ಜೀವಿಗಳಿಂದ ಬಂದದ್ದು: ಕೊಲಾಜೆನ್, ಹೈಲುರೋನಿಕ್ ಆಮ್ಲ, ಸೀಗಡಿ-ಏಡಿಗಳ ಚಿಪ್ಪಿನಿಂದ ಸಿಗುವ ಕೈಟೋಸಾನ್, ರೇಷ್ಮೆಯ ಫೈಬ್ರಾಯಿನ್. ಕೋಶಗಳಿಗೆ ಇವು ಪರಿಚಿತ, ಚೆನ್ನಾಗಿ ಹಿಡಿದುಕೊಳ್ಳುತ್ತವೆ. ಆದರೆ ಬಲ ಕಡಿಮೆ, ಕೆಲವು ತುಂಬಾ ಬೇಗ ಕರಗುತ್ತವೆ. ಇನ್ನೊಂದು ಗುಂಪು ಲ್ಯಾಬಿನ ಪಾಲಿಮರ್‌ಗಳದು. ಇವುಗಳ ಬಲವನ್ನೂ ಕರಗುವ ವೇಗವನ್ನೂ ಬೇಕಾದಂತೆ ಹೊಂದಿಸಬಹುದು. ಪಾಲಿಗ್ಲೈಕಾಲಿಕ್ ಆಮ್ಲ ಕೆಲವೇ ವಾರಗಳಲ್ಲಿ ಬಲ ಕಳೆದುಕೊಳ್ಳುತ್ತದೆ. ಪಾಲಿಕ್ಯಾಪ್ರೋಲ್ಯಾಕ್ಟೋನ್ ಎರಡು ಮೂರು ವರ್ಷ ಹಾಗೇ ಕೂತಿರುತ್ತದೆ. ಪಾಲಿಲ್ಯಾಕ್ಟಿಕ್ ಬಗೆಯವು ಕರಗುವಾಗ ಆಮ್ಲ ಬಿಡುತ್ತವೆ. ರಕ್ತ ಹರಿಯದ ಜಾಗದಲ್ಲಿ ಆ ಆಮ್ಲ ತೊಳೆದು ಹೋಗದೆ ನಿಂತು, ಸುತ್ತಲ ಕೋಶಗಳನ್ನೇ ಕೆಣಕಬಹುದು.

ಇಲ್ಲಿಯೇ ನಾನು ಹೇಳಿದ ಕಾಲದ ಲೆಕ್ಕ ಬರುತ್ತದೆ. ಸಾರುವೆಯನ್ನು ಬೇಗ ಬಿಚ್ಚಿದರೆ ಹಸಿ ಗೋಡೆ ಕುಸಿಯುತ್ತದೆ. ಬಿಚ್ಚದೇ ಬಿಟ್ಟರೆ ಕಂಬ ಇರುವ ಕಡೆ ಗೋಡೆ ಏಳಲು ಜಾಗವೇ ಇಲ್ಲ. ಕಾರ್ಟಿಲೇಜ್ ಕೋಶ ನಿಧಾನಿ, ಅದರ ಕೆಲಸಕ್ಕೆ ತಿಂಗಳುಗಳೇ ಬೇಕು. ಅದರಲ್ಲೂ 20 ವರ್ಷದವರ ಮಂಡಿಯಲ್ಲಿ ಕೋಶ ಕೆಲಸ ಮಾಡುವ ವೇಗ 50 ವರ್ಷದವರಲ್ಲಿ ಇರುವುದಿಲ್ಲ. ಸ್ಕ್ಯಾಫೋಲ್ಡ್ ಮಾತ್ರ ಕಾರ್ಖಾನೆಯಲ್ಲಿ ನಿಗದಿಯಾದ ವೇಗದಲ್ಲೇ ಇಬ್ಬರಲ್ಲೂ ಕರಗಲು ಹೊರಡುತ್ತದೆ. ಇದು ಸಣ್ಣ ಕೊರತೆ ಅಂತ ನನಗೆ ಅನಿಸುವುದಿಲ್ಲ.

ತೂತುಗಳನ್ನು ಮಾಡುವ ಬಗೆ ಕೇಳಿದರೆ ಖುಷಿಯಾಗುತ್ತದೆ. ಕೊಲಾಜೆನ್ನಿನ ತೆಳು ಅಂಬಲಿಯನ್ನು ಹೆಪ್ಪುಗಟ್ಟಿಸುತ್ತಾರೆ. ಒಳಗೆ ಮಂಜಿನ ಹರಳು ಬೆಳೆಯುತ್ತವೆ, ಕೊಲಾಜೆನ್ ಹರಳುಗಳ ನಡುವಿನ ಸಂದಿಗೆ ತಳ್ಳಲ್ಪಡುತ್ತದೆ. ನಿರ್ವಾತದಲ್ಲಿಟ್ಟರೆ ಮಂಜು ನೀರಾಗದೆ ನೇರ ಆವಿಯಾಗಿ ಹೋಗುತ್ತದೆ. ಹರಳಿದ್ದಲ್ಲೆಲ್ಲ ತೂತು ಉಳಿಯುತ್ತದೆ. ನಿಧಾನ ಹೆಪ್ಪುಗಟ್ಟಿಸಿದರೆ ದೊಡ್ಡ ತೂತು, ಬೇಗ ಹೆಪ್ಪುಗಟ್ಟಿಸಿದರೆ ಸಣ್ಣದು. ಸಾಮಾನ್ಯವಾಗಿ 100ರಿಂದ 300 ಮೈಕ್ರೋಮೀಟರ್ ಆಸುಪಾಸಿನ ತೂತಿಗೆ ಗುರಿ ಇಡುತ್ತಾರೆ. ಅದಕ್ಕಿಂತ ಬಹಳ ಸಣ್ಣದಾದರೆ ಕೋಶಗಳು ಒಳಗೆ ಹೋಗಲು ಪರದಾಡುತ್ತವೆ.

ತಳದ ಮೂಳೆಯೂ ಕೆಟ್ಟಿದ್ದರೆ ಒಂದೇ ವಸ್ತು ಸಾಲದು. ಮೇಲೆ ಮೆತ್ತನೆ, ಕೆಳಗೆ ಗಡುಸು ಬೇಕು. ಆಗಿಲಿ-ಸಿ ಎಂಬ ಇಂಪ್ಲಾಂಟ್ ಹವಳದ ಆರಗೊನೈಟ್ ಎಂಬ ಖನಿಜದಿಂದ ಮಾಡಿದ್ದು. 2022ರ ಮಾರ್ಚ್‌ನಲ್ಲಿ ಎಫ್‌ಡಿಎ ಒಪ್ಪಿಗೆ ಪಡೆಯಿತು. ಅದರ ಮುಖ್ಯ ಪ್ರಯೋಗದಲ್ಲಿದ್ದವರು 251 ರೋಗಿಗಳು, ಅವರಲ್ಲಿ ಸ್ವಲ್ಪ ಮಟ್ಟಿಗೆ ಆಸ್ಟಿಯೋಆರ್ಥ್ರೈಟಿಸ್ (ಕೀಲು ಸವೆತದ ರೋಗ) ಶುರುವಾಗಿದ್ದವರೂ ಇದ್ದರು. ಅದಕ್ಕೇ ಆ ಪ್ರಯೋಗಕ್ಕೆ ಬೆಲೆ ಜಾಸ್ತಿ. ಇದೇ ಆಸೆಯಿಂದ ಬಂದಿದ್ದ ಇನ್ನೊಂದು ಪ್ಲಗ್, ಟ್ರೂಫಿಟ್, ಪಾಲಿಮರ್ ಮತ್ತು ಕ್ಯಾಲ್ಸಿಯಂ ಸಲ್ಫೇಟ್ ಬೆರೆಸಿ ಮಾಡಿದ್ದು. ಅದರ ಕೆಳಗೆ ಮೂಳೆ ಸರಿಯಾಗಿ ತುಂಬಲಿಲ್ಲ ಎಂಬ ವರದಿಗಳು ಬಂದವು, ಕೊನೆಗೆ ಮಾರುಕಟ್ಟೆಯಲ್ಲೇ ಉಳಿಯಲಿಲ್ಲ.

ಇನ್ನು ಅಂಚು. ಹೊಸ ಅಂಗಾಂಶ ಎಷ್ಟೇ ಚೆನ್ನಾಗಿ ಬೆಳೆದರೂ ಹಳೆ ಕಾರ್ಟಿಲೇಜಿನ ಗೋಡೆಗೆ ಬೆಸೆಯುವುದು ಕಷ್ಟ. ಕತ್ತರಿಸಿದ ಅಂಚಿನಲ್ಲಿ ಕೋಶಗಳು ಸತ್ತಿರುತ್ತವೆ, ದಟ್ಟ ಬಲೆ ಹೊಸ ಎಳೆಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕೂದಲೆಳೆಯಷ್ಟು ಸೀಳು ಉಳಿದರೂ ಪ್ರತಿ ಹೆಜ್ಜೆಗೂ ಕೀಲಿನ ದ್ರವ ಅದರಲ್ಲಿ ನುಗ್ಗುತ್ತದೆ. ಹೊಸ ವಸ್ತುವಿನ ಸುದ್ದಿಯಲ್ಲಿ ಗುಂಡಿಯ ನಡುವಿನ ಚಿತ್ರ ಚೆಂದವಾಗಿ ಅಚ್ಚಾಗಿರುತ್ತದೆ. ನನಗೆ ನೋಡಬೇಕಿರುವುದು ಅಂಚಿನ ಚಿತ್ರ.

ಸಂಶೋಧನೆಯ ಸುದ್ದಿಯಲ್ಲಿ ಪ್ರಾಣಿ ಯಾವುದು ಎಂಬುದನ್ನೂ ನೋಡಬೇಕು. 2022ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯದ ತಂಡ ಒತ್ತಿದರೆ ವಿದ್ಯುತ್ ಹುಟ್ಟಿಸುವ ಪಾಲಿಲ್ಯಾಕ್ಟಿಕ್ ನೂಲಿನ ಸ್ಕ್ಯಾಫೋಲ್ಡ್ ಮಾಡಿತು. ಕೋಶ ಹಾಕಲಿಲ್ಲ, ಬೆಳವಣಿಗೆಯ ಪ್ರೋಟೀನ್ ಹಾಕಲಿಲ್ಲ. ಪ್ರಾಣಿ ಓಡಾಡಿದಂತೆ ನೂಲಿನಲ್ಲಿ ಹುಟ್ಟಿದ ಸಣ್ಣ ವಿದ್ಯುತ್ತೇ ಕೋಶಗಳನ್ನು ಕರೆಯಿತು. ಸೊಗಸಾದ ಯೋಚನೆ. ಆದರೆ ಅದು ಮೊಲದಲ್ಲಿ. ಮೊಲದ ಕಾರ್ಟಿಲೇಜ್ ಅರ್ಧ ಮಿಲಿಮೀಟರಿಗಿಂತ ತೆಳು, ಮೈತೂಕ ಕಡಿಮೆ, ತಾನಾಗಿಯೇ ಮಾಯುವ ಶಕ್ತಿಯೂ ನಮಗಿಂತ ಜಾಸ್ತಿ. 2024ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಸ್ಟಪ್ ತಂಡ ಪ್ರಕಟಿಸಿದ್ದು ಕುರಿಯ ಮೇಲಿನ ಪ್ರಯೋಗ. ಹೈಲುರೋನಿಕ್ ಆಮ್ಲದ ಜೊತೆ, ಬೆಳವಣಿಗೆಯ ಪ್ರೋಟೀನನ್ನು ಹಿಡಿದಿಟ್ಟುಕೊಳ್ಳುವ ಪೆಪ್ಟೈಡ್ (ಪ್ರೋಟೀನಿನ ಕಿರು ತುಣುಕು) ಎಳೆಗಳನ್ನು ಹೆಣೆದಿದ್ದರು. ಆರು ತಿಂಗಳಲ್ಲಿ ಒಳ್ಳೆಯ ರಿಪೇರಿ ಕಂಡಿತು. ಕುರಿಯ ಕೀಲಿಗೆ ಬೀಳುವ ಭಾರ ನಮ್ಮದಕ್ಕೆ ಹತ್ತಿರ, ಆದ್ದರಿಂದ ನನಗೆ ಇದರಲ್ಲಿ ಹೆಚ್ಚು ಭರವಸೆ. ಆದರೂ ಆರು ತಿಂಗಳು ಎಂದರೆ ಕಾರ್ಟಿಲೇಜಿನ ಆಯುಸ್ಸಿನಲ್ಲಿ ಏನೂ ಅಲ್ಲ.

ಮನುಷ್ಯರಲ್ಲಿ ನಡೆದ ಪ್ರಯೋಗಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಸ್ವಿಟ್ಜರ್‌ಲೆಂಡಿನ ಬಾಸೆಲ್‌ನದು. ಇವಾನ್ ಮಾರ್ಟಿನ್ ಅವರ ತಂಡ ಮೂಗಿನ ನಡುಗೋಡೆಯಿಂದ ಚೂರು ಕಾರ್ಟಿಲೇಜ್ ತೆಗೆದು, ಅದರ ಕೋಶಗಳನ್ನು ಕೊಲಾಜೆನ್ ಪೊರೆಯ ಮೇಲೆ ಬೆಳೆಸಿ, ಮಂಡಿಗೆ ಕೂರಿಸಿತು. 2016ರಲ್ಲಿ 10 ರೋಗಿಗಳ ಫಲಿತಾಂಶ ಬಂತು. ಮೂಗಿನ ಕೋಶ ವಯಸ್ಸಾದರೂ ಚುರುಕು, ಮಂಡಿಯಿಂದ ಮತ್ತೆ ಚೂರು ಕೀಳುವ ತೊಂದರೆಯೂ ಇಲ್ಲ. ಸಾರುವೆಯನ್ನು ಬದಲಿಸುವ ಬದಲು ಕೆಲಸಗಾರರನ್ನೇ ಬದಲಿಸಿದ ಹಾಗೆ ಇದು.

ಅಂಕಿಗಳು ಅಷ್ಟು ಸಲೀಸಲ್ಲ. ಮ್ಯಾಸಿಯ ಮುಖ್ಯ ಪ್ರಯೋಗದಲ್ಲಿ 144 ರೋಗಿಗಳಿದ್ದರು. ಎರಡು ವರ್ಷಕ್ಕೆ ನೋವು ಮತ್ತು ಓಡಾಟ, ಎರಡರಲ್ಲೂ ಅದು ಮೈಕ್ರೋಫ್ರಾಕ್ಚರ್‌ಗಿಂತ ಚೆನ್ನಾಗಿತ್ತು. ಆದರೆ ಎಂಆರ್‌ಐಯಲ್ಲೂ, ಚೂರು ತೆಗೆದು ನೋಡಿದಾಗಲೂ ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. ನಾರ್ವೆಯ ಇನ್ನೊಂದು ಪ್ರಯೋಗದಲ್ಲಿ 80 ರೋಗಿಗಳನ್ನು ಸುಮಾರು 15 ವರ್ಷ ಹಿಂಬಾಲಿಸಿದರು. ಅದು ಹಳೆಯ ತೇಪೆಯ ವಿಧಾನವನ್ನು ಮೈಕ್ರೋಫ್ರಾಕ್ಚರ್ ಜೊತೆ ಹೋಲಿಸಿದ್ದು. ಕೋಶ ಹಾಕಿಸಿಕೊಂಡ 40 ಜನರಲ್ಲಿ 17 ಮಂದಿಗೆ, ಮೈಕ್ರೋಫ್ರಾಕ್ಚರ್‌ನ 40 ಜನರಲ್ಲಿ 13 ಮಂದಿಗೆ ಚಿಕಿತ್ಸೆ ಸೋತಿತು. ಈ ಅಂತರ ಗಣಿತದ ಲೆಕ್ಕದಲ್ಲಿ ದೊಡ್ಡದಲ್ಲ. ಅಂದರೆ ದುಬಾರಿ ವಿಧಾನ ಗೆದ್ದಿರಲಿಲ್ಲ.

ಗೆದ್ದರೂ ಉಳಿಯುತ್ತದೆ ಎಂದಿಲ್ಲ. ಯುರೋಪಿನಲ್ಲಿ 2009ರಲ್ಲಿ ಒಪ್ಪಿಗೆ ಪಡೆದ ಕೊಂಡ್ರೋಸೆಲೆಕ್ಟ್ (ರೋಗಿಯ ಸ್ವಂತ ಕೋಶ ಬೆಳೆಸಿ ಹಾಕುವ ಚಿಕಿತ್ಸೆ) 2016ರಲ್ಲಿ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ಕೊಲಾಜೆನ್ ಮೇಲೆ ಕೋಶ ಬೆಳೆಸಿದ ನಿಯೋಕಾರ್ಟ್ 2018ರಲ್ಲಿ ಕೊನೆಯ ಹಂತದ ಪ್ರಯೋಗದ ಗುರಿ ಮುಟ್ಟಲಿಲ್ಲ. ಪ್ರತಿ ರೋಗಿಗೂ ಬೇರೆಯಾಗಿ ಕೋಶ ಬೆಳೆಸುವುದು, ಎರಡು ಸಲ ಆಪರೇಷನ್, ವಾರಗಟ್ಟಲೆ ಕಾಯುವುದು. ಇಷ್ಟರ ನಂತರವೂ ಲಾಭ ಸ್ವಲ್ಪವೇ ಎಂದರೆ ಆಸ್ಪತ್ರೆಗಳು ಹಿಂಜರಿಯುವುದು ಸಹಜ. ಕೋಶವಿಲ್ಲದ, ಡಬ್ಬದಿಂದ ತೆಗೆದು ಒಂದೇ ಸಲಕ್ಕೆ ಹಾಕುವ ಸ್ಕ್ಯಾಫೋಲ್ಡ್‌ಗಳ ಕಡೆ ಈಗ ಒಲವು ಜಾಸ್ತಿಯಾಗಿರುವುದು ಇದಕ್ಕೇ.

ಇವೆಲ್ಲ ಯಾರಿಗೆ ಎಂಬುದನ್ನು ಬಿಡಿಸಿ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಜಗತ್ತಿನಲ್ಲಿ 52.8 ಕೋಟಿ ಜನರಿಗೆ ಆಸ್ಟಿಯೋಆರ್ಥ್ರೈಟಿಸ್ ಇತ್ತು. ಅವರಲ್ಲಿ 36.5 ಕೋಟಿ ಜನರ ತೊಂದರೆ ಮಂಡಿಯದು. ಸ್ಕ್ಯಾಫೋಲ್ಡ್‌ಗಳು ಬಹುತೇಕ ಇವರಿಗಾಗಿ ಪರೀಕ್ಷೆಯಾದವಲ್ಲ. ಸುತ್ತ ಗಟ್ಟಿ ಕಾರ್ಟಿಲೇಜ್ ಇದ್ದು, ನಡುವೆ ಒಂದೆರಡು ಕಡೆ ಮಾತ್ರ ಗುಂಡಿ ಬಿದ್ದವರಿಗೆ, ಹೆಚ್ಚಾಗಿ ಕಿರಿಯರಿಗೆ, ಪರೀಕ್ಷೆಯಾಗಿವೆ. ಇಡೀ ಮಂಡಿ ಸವೆದಾಗ ಅಂಟಿಸಲು ಅಂಚೇ ಇರುವುದಿಲ್ಲ, ಒಳಗಿನ ಉರಿಯೂತ ಹೊಸ ಕೋಶಗಳನ್ನೂ ಬಿಡುವುದಿಲ್ಲ. ಕಾಲು ಬಿಲ್ಲಿನಂತೆ ಬಾಗಿ ಭಾರವೆಲ್ಲ ಒಂದೇ ಕಡೆ ಬೀಳುತ್ತಿದ್ದರೆ ಮೊದಲು ಅದನ್ನು ಸರಿ ಮಾಡಬೇಕು. ನೋವಿನಿಂದ ಕುಗ್ಗಿದ ಹಿರಿಯರಿಗೆ ಮೊಲದ ಪ್ರಯೋಗವನ್ನು ತೋರಿಸಿ ಆಸೆ ಹುಟ್ಟಿಸುವುದು ತಪ್ಪು ಅಂತ ನಾನು ನಂಬುತ್ತೇನೆ.

ಸ್ಕ್ಯಾಫೋಲ್ಡ್ ಹಾಕಿಸಿಕೊಂಡವರಿಗೆ ಆಪರೇಷನ್ ಮುಗಿದ ದಿನ ಕೆಲಸ ಶುರು. ಕೆನಡಾದ ರಾಬರ್ಟ್ ಸಾಲ್ಟರ್ ಮೊಲಗಳಲ್ಲಿ ತೋರಿಸಿದಂತೆ, ಕೀಲನ್ನು ಭಾರವಿಲ್ಲದೆ ನಿಧಾನವಾಗಿ ಆಡಿಸುತ್ತಿದ್ದರೆ ಕಾರ್ಟಿಲೇಜ್ ರಿಪೇರಿ ಚೆನ್ನಾಗಿ ಆಗುತ್ತದೆ. ಹಾಗಾಗಿ ಕಾಲನ್ನು ತಾನೇ ಮಡಚಿ ಬಿಡಿಸುವ ಯಂತ್ರದಲ್ಲಿ ರೋಗಿ ದಿನಕ್ಕೆ ಕೆಲವು ಗಂಟೆ ಮಲಗಿರುತ್ತಾನೆ. ಊರುಗೋಲಿನಲ್ಲಿ ಮೊದಲು ತುಸುವೇ ಭಾರ, ವಾರ ಕಳೆದಂತೆ ಇನ್ನೂ ಸ್ವಲ್ಪ. ಎರಡು ಮೂರು ತಿಂಗಳಲ್ಲಿ ಊರುಗೋಲು ಬಿಟ್ಟು ನಡೆಯುತ್ತಾನೆ. ನೋವಿಲ್ಲ, ಬಾವಿಲ್ಲ, ಓಡಬೇಕು ಅನ್ನಿಸುತ್ತದೆ. ಆ ಹೊತ್ತಿಗೆ ಕೊಕ್ಕೆಯಿಂದ ಒತ್ತಿ ನೋಡಿದರೆ ಹೊಸ ಅಂಗಾಂಶ ಇನ್ನೂ ಮೆತ್ತಗೆ ಒಳಗೆ ಹೋಗುತ್ತದೆ. ಓಟಕ್ಕೆ, ಜಿಗಿತಕ್ಕೆ ಒಪ್ಪಿಗೆ ಸಿಗಲು ಒಂದು ವರ್ಷ, ಕೆಲವರಿಗೆ ಒಂದೂವರೆ ವರ್ಷ ಬೇಕು. ಅಷ್ಟು ದಿನ ಒಳಗೆ ಪೊರೆ ಕರಗುತ್ತಿರುತ್ತದೆ, ಕೋಶಗಳು ನೇಯುತ್ತಿರುತ್ತವೆ.